ಹೊಲಿಗೆಯಿಲ್ಲದ ತಲೆ

ನಮ್ಮ ಭಾವನನ್ನು ಕೆಲಸದ ಜಾಗದಲ್ಲಿ ಎಲ್ಲರೂ ‘ಮೇಲಿನವನು’ ಎಂದೇ ಕರೆಯುತ್ತಿದ್ದರು. ಅವರು ನನ್ನ ಅಕ್ಕನ ಗಂಡ. ಟವರ್ ಕ್ರೇನ್ ನಡೆಸುವುದು ಅವರ ಕಸುಬು. ಬಹುಮಹಡಿ ಕಟ್ಟಡಗಳು ಏಳುವ ಕಡೆ, ಕಟ್ಟಡಕ್ಕಿಂತಲೂ ಎತ್ತರದಲ್ಲಿ, ಬಚ್ಚಲುಮನೆಯಷ್ಟೂ ಅಗಲವಿಲ್ಲದ ಗಾಜಿನ ಗೂಡಿನಲ್ಲಿ ಕುಳಿತು ಕಬ್ಬಿಣದ ಕಂಬಿಗಳನ್ನೋ ಕಾಂಕ್ರೀಟು ತುಂಬಿದ ಬಕೆಟ್ಟನ್ನೋ ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಇಳಿಸಬೇಕು. ‘ಇಷ್ಟು ದೊಡ್ಡ ತೊಲೆ ಅಲ್ಲಿಗೆ ಹೇಗಪ್ಪಾ ಹೋಗೋದು?’ ಎಂದು ಹೊಸಬ ಯಾರಾದರೂ ಕೇಳಿದರೆ, ಹಳಬರು ಆಕಾಶದ ಕಡೆ ಗದ್ದ ಎತ್ತಿ, ‘ಮೇಲಿನವನು ನೋಡ್ಕೋತಾನೆ ಬಿಡು’ ಎನ್ನುತ್ತಿದ್ದರಂತೆ. ಭಾವ ಇದನ್ನು ಮನೆಯಲ್ಲಿ ಹೇಳಿ ನಗುತ್ತಿದ್ದರು. ಅವರು ಹೇಳುತ್ತಿದ್ದ ಜೋಕು ಅದೊಂದೇ.

ಅಕ್ಕನಿಗೆ ಮಕ್ಕಳಿಲ್ಲ. ಚಪ್ಪಲಿ ಅಂಗಡಿಯಲ್ಲಿ ಕೆಲಸ ಮಾಡುವ ನಾನೂ ಅವರ ಜೊತೆಗೇ ಇರುತ್ತೇನೆ. ರಸ್ತೆಗೆ ತೆರೆದುಕೊಳ್ಳುವ ಮುಂದಿನ ಕೋಣೆಯಲ್ಲಿ ಅಕ್ಕನ ಹೊಲಿಗೆ ಯಂತ್ರ. ಸಡಿಲವಾದ ಪ್ಯಾಂಟು ಬಿಗಿ ಮಾಡುವುದು, ಕಿತ್ತುಹೋದ ಜಿಪ್ಪು ಹಾಕುವುದು ಅವಳ ಕೆಲಸ. ದಿನವಿಡೀ ಜನ, ದಿನವಿಡೀ ಮಾತು. ಭಾವ ಹಾಗಲ್ಲ. ಬೆಳಿಗ್ಗೆ ಚಹಾದ ಫ್ಲಾಸ್ಕು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿದರೆ ಊಟದ ಹೊತ್ತಿಗೂ ಕೆಳಗೆ ಬರಲು ಮನಸ್ಸಿಲ್ಲ. ‘ಕೆಳಗೇನಿದೆ, ಬರೀ ಗಲಾಟೆ’ ಎನ್ನುವರು.

ಮೇಲೆ ಅವರಿಗೆ ಜೊತೆಯೆಂದರೆ ವಾಕಿಟಾಕಿಯಲ್ಲಿ ಬರುವ ಒಂದು ದನಿ. ನೆಲದ ಮೇಲೆ ನಿಂತು ‘ಎಡಕ್ಕೆ, ಇನ್ನೂ ಸ್ವಲ್ಪ, ಇಳಿಸು’ ಎಂದು ದಾರಿ ಹೇಳುವ ಒಬ್ಬ ದಢೂತಿ ಆಸಾಮಿ. ಬಾಯಿ ಮುಚ್ಚಿದ್ದೇ ಇಲ್ಲವಾದ್ದರಿಂದ ಅವನಿಗೆ ‘ರೇಡಿಯೋ’ ಎಂದು ಹೆಸರು ಬಿದ್ದಿತ್ತು. ಹೊರೆ ಎತ್ತುವ ಇಳಿಸುವ ನಡುವಿನ ಬಿಡುವಿನಲ್ಲಿ ಇಬ್ಬರೂ ಆ ಡಬ್ಬಿಯಲ್ಲೇ ಸಂಸಾರದ ಸುಖದುಃಖ ಹೇಳಿಕೊಳ್ಳುತ್ತಿದ್ದರು. ಮುಖಾಮುಖಿ ಸಿಕ್ಕಿದರೆ ಭಾವನಿಗೆ ಮಾತು ಹೊರಡುತ್ತಿರಲಿಲ್ಲ, ಮೇಲಿದ್ದಾಗ ಹೊರಡುತ್ತಿತ್ತು. ಅವರ ಸ್ನೇಹವಿಡೀ ಹಾಗೆ ಗಾಳಿಯಲ್ಲೇ ಬೆಳೆದದ್ದು.

ಒಂದು ಬೆಳಿಗ್ಗೆ ಕೊಕ್ಕೆಯಲ್ಲಿ ಕಂಬಿಯ ಕಟ್ಟು ತೂಗುತ್ತಿರುವಾಗ ರೇಡಿಯೋ, ‘ಬಲಕ್ಕೆ ತಗೋ ಅಣ್ಣಾ’ ಎಂದ. ಮೇಲಿನಿಂದ ಉತ್ತರವೇನೋ ಬಂತು, ಆದರೆ ಅದು ಯಾವ ಭಾಷೆಯೂ ಆಗಿರಲಿಲ್ಲ.

‘ಏನಣ್ಣಾ, ಬೆಳಿಗ್ಗೆನೇ ಏರಿಸ್ಕೊಂಡು ಬಂದ್ಯಾ?’ ಎಂದು ರೇಡಿಯೋ ನಕ್ಕ.

ಮತ್ತೆ ಅದೇ ತೊದಲು. ಆಮೇಲೆ ಏನೂ ಇಲ್ಲ. ಹಿಡಿಕೆಯಿಂದ ಕೈ ಬಿಟ್ಟರೆ ಕ್ರೇನು ತಾನಾಗಿ ನಿಲ್ಲುತ್ತದೆ, ಹಾಗೆ ನಿಂತಿತು. ಕಂಬಿಯ ಕಟ್ಟು ನಡುಗಾಳಿಯಲ್ಲಿ ಸುಮ್ಮನೆ ಸುತ್ತತೊಡಗಿತು. ರೇಡಿಯೋ ಕೆಳಗಿದ್ದವರನ್ನೆಲ್ಲ ಕೂಗಿ ಓಡಿಸಿ, ಆ ಮೈ ಹೊತ್ತುಕೊಂಡು ಏಣಿ ಹತ್ತಿದ. ಗೂಡಿನ ಬಾಗಿಲು ತೆಗೆದಾಗ ಭಾವ ಕುರ್ಚಿಯಿಂದ ಜಾರಿದ್ದರು. ಬಾಯಿ ಒಂದು ಕಡೆಗೆ ಎಳೆದಿತ್ತು, ಬಲಗೈ ಪಟಪಟನೆ ಬಡಿದುಕೊಳ್ಳುತ್ತಿತ್ತು, ತುಟಿಯಂಚಿನಲ್ಲಿ ನೊರೆ. ಅಗ್ನಿಶಾಮಕದವರು ಬಂದು ಸ್ಟ್ರೆಚರಿಗೆ ಬಿಗಿದು ಹಗ್ಗದಲ್ಲಿ ಇಳಿಸುವವರೆಗೂ ರೇಡಿಯೋ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ. ಅಷ್ಟು ಹೊತ್ತೂ ಮಾತಾಡುತ್ತಲೇ ಇದ್ದನಂತೆ. ಏನು ಮಾತಾಡಿದೆ ಎಂದು ಆಮೇಲೆ ಕೇಳಿದರೆ ಅವನಿಗೇ ನೆನಪಿರಲಿಲ್ಲ.

ಆಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಕನ್ನಡಕವನ್ನು ಕೂದಲಿಗೆ ಸಿಕ್ಕಿಸಿಕೊಂಡು ಅದನ್ನೇ ಹುಡುಕುವ, ವಯಸ್ಸಾದ ಡಾಕ್ಟರಮ್ಮ ಒಬ್ಬರು ನಮ್ಮನ್ನು ಕೂರಿಸಿಕೊಂಡು ಚಿತ್ರ ತೋರಿಸಿದರು. ಎಡ ಮೆದುಳಿನಲ್ಲಿ, ಬಾಚಣಿಗೆಯಿಂದ ತೆಗೆದ ಕೂದಲಿನುಂಡೆಯಂಥದ್ದೊಂದು.

‘ಇದು ಗಡ್ಡೆ ಅಲ್ಲ, ಕ್ಯಾನ್ಸರ್ ಅಲ್ಲ. ರಕ್ತನಾಳಗಳು ಒಂದಕ್ಕೊಂದು ಸಿಕ್ಕುಹಾಕ್ಕೊಂಡಿವೆ, ಹುಟ್ಟಿನಿಂದಲೇ. ಗೋಡೆ ತೆಳು. ಯಾವಾಗ ಬೇಕಾದ್ರೂ ಒಡೀಬಹುದು, ಒಡೀದೆನೂ ಇರಬಹುದು.’

‘ತೆಗೆದುಬಿಡಿ ಡಾಕ್ಟ್ರೇ’ ಎಂದಳು ಅಕ್ಕ, ಹಳೆಯ ಹೊಲಿಗೆ ಬಿಚ್ಚಿಬಿಡಿ ಎನ್ನುವಂತೆ.

‘ಮಾತಿನ ಜಾಗದ ಮಗ್ಗುಲಲ್ಲೇ ಕೂತಿದೆಯಮ್ಮಾ. ಕೊಯ್ದು ತೆಗೆಯೋಕೆ ಹೋದ್ರೆ ಜೊತೆಗೆ ಮಾತೂ ಕಿತ್ತುಬಂದುಬಿಡಬಹುದು. ರೇಡಿಯೋಸರ್ಜರಿ ಮಾಡೋಣ. ಹೆಸರಲ್ಲಿ ಸರ್ಜರಿ ಇದೆ, ಕತ್ತಿ ಇಲ್ಲ. ಸಣ್ಣ ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಆ ಗಂಟಿನಲ್ಲಿ ಮಾತ್ರ ಕೂಡ್ತವೆ. ದಾರಿಯಲ್ಲಿ ಒಂದೊಂದೇ ಕಿರಣಕ್ಕೆ ಅಷ್ಟು ಶಕ್ತಿ ಇರಲ್ಲ. ಎಲ್ಲ ಕೂಡಿದ ಕಡೆ ಇರುತ್ತೆ.’

ಭಾವ ಕೇಳಿದರು: ‘ಅವತ್ತೇ ಮುಚ್ಚಿಹೋಗುತ್ತಾ?’

‘ಇಲ್ಲ. ಎರಡು ವರ್ಷ ಆಗಬಹುದು, ಮೂರೂ ಆಗಬಹುದು. ರಕ್ತನಾಳ ಒಳಗಿನಿಂದ ದಪ್ಪ ಆಗ್ತಾ ಆಗ್ತಾ ತಾನಾಗೇ ಮುಚ್ಕೋಬೇಕು. ಅಲ್ಲಿವರೆಗೆ ಒಡೆಯೋ ಭಯ ಈಗ ಎಷ್ಟಿದೆಯೋ ಅಷ್ಟೇ ಇರುತ್ತೆ. ಇನ್ನೊಂದು ಮಾತು. ಒಂದಷ್ಟು ತಿಂಗಳಾದ ಮೇಲೆ ಸುತ್ತ ಊತ ಬರಬಹುದು, ಎಲ್ಲರಿಗೂ ಅಲ್ಲ. ಬಂದ್ರೆ ಹೆದರಬೇಡಿ, ಓಡಿಬನ್ನಿ.’

ನಾವು ತಲೆಯಾಡಿಸಿದೆವು. ಊತದ ಮಾತು ಮೂವರ ಕಿವಿಗೂ ಬಿತ್ತು, ಒಬ್ಬರ ತಲೆಗೂ ಹೋಗಲಿಲ್ಲ.

ಚಿಕಿತ್ಸೆಯ ದಿನ ಭಾವ ನುಣ್ಣಗೆ ತಲೆ ಬೋಳಿಸಿಕೊಂಡು ಹೊರಟರು. ನರ್ಸಮ್ಮ ನೋಡಿ, ‘ಅಯ್ಯೋ, ಕೂದಲು ತೆಗೆಯೋದೇ ಬೇಡವಾಗಿತ್ತು’ ಎಂದಾಗ, ‘ಸುಮ್ನೆ ಬಲಿಯಾಯ್ತಲ್ಲ’ ಎಂದು ಬುರುಡೆ ಸವರಿಕೊಂಡರು. ತಲೆ ಕೂದಲೆಳೆಯಷ್ಟೂ ಅಲುಗಬಾರದೆಂದು ಒಂದು ಲೋಹದ ಚೌಕಟ್ಟು ತೊಡಿಸುತ್ತಾರೆ. ಹಣೆಯಲ್ಲಿ ಎರಡು, ಹಿಂದೆ ಎರಡು ಮೊಳೆಯಂಥ ತಿರುಪು. ಮೊದಲು ಆ ಜಾಗಗಳಿಗೆ ಮರಗಟ್ಟಿಸುವ ಸೂಜಿ. ಸೂಜಿ ಕಣಜದ ಹುಳು ಕಚ್ಚಿದ ಹಾಗೆ ಉರಿಯಿತಂತೆ. ತಿರುಪು ಬಿಗಿಯುವಾಗ ನೋವಿಲ್ಲ, ಆದರೆ ತಲೆಯನ್ನು ಬಾಗಿಲಿನ ಸಂದಿಗೆ ಕೊಟ್ಟು ಯಾರೋ ಒತ್ತಿದ ಹಾಗೆ. ಸ್ವಲ್ಪ ಹೊತ್ತಿಗೆ ಅದೂ ಮರಗಟ್ಟಿತು.

ಆ ಚೌಕಟ್ಟಿನಲ್ಲೇ ಎಂಆರ್‌ಐ, ಆ ಚೌಕಟ್ಟಿನಲ್ಲೇ ತೊಡೆಸಂದಿನಿಂದ ತಂತಿ ಹಾಕಿ ರಕ್ತನಾಳದ ಚಿತ್ರ. ಅದೆಲ್ಲ ಮುಗಿದು ಗಾಲಿಮಂಚದ ಮೇಲೆ ಅವರನ್ನು ನಾವಿದ್ದ ಕೋಣೆಗೆ ತಂದರು. ಅಕ್ಕ ಒಮ್ಮೆ ನೋಡಿದವಳು ಕಿಟಕಿಯ ಕಡೆ ತಿರುಗಿ, ಎದುರಿನ ಕಟ್ಟಡದ ನೀರಿನ ಟ್ಯಾಂಕನ್ನೇ ದಿಟ್ಟಿಸುತ್ತ ನಿಂತುಬಿಟ್ಟಳು. ಲೋಟ ತುಟಿಗೆ ತಾಗದೆ ಚೌಕಟ್ಟಿಗೆ ಬಡಿಯುತ್ತಿತ್ತು. ನಾನು ಕೊಳವೆ ಹಾಕಿ ನೀರು ಕುಡಿಸಿದೆ. ಅತ್ತ ಡಾಕ್ಟರೂ ಕಿರಣದ ಲೆಕ್ಕ ಹಾಕುವ ವಿಜ್ಞಾನಿಯೂ ಕಂಪ್ಯೂಟರಿನ ಮುಂದೆ ಕುಳಿತು ಯಾವ ದಿಕ್ಕಿನಿಂದ ಎಷ್ಟು ಎಂದು ಯೋಜನೆ ಮಾಡುತ್ತಿದ್ದರು. ನಮ್ಮ ಪಾಲಿಗೆ ಆ ದಿನದ ಬಹುಪಾಲು ಹಾಗೆ ಕಾಯುವುದರಲ್ಲೇ ಕಳೆಯಿತು.

ಕಡೆಗೆ ಕರೆದರು. ಯಂತ್ರದ ಮಂಚಕ್ಕೆ ಚೌಕಟ್ಟನ್ನು ಬಿಗಿದು, ದಪ್ಪ ಬಾಗಿಲು ಮುಚ್ಚಿ, ಎಲ್ಲರೂ ಹೊರಗೆ ಬಂದರು. ಒಳಗಿನದು ಕ್ಯಾಮೆರಾದಲ್ಲಿ ಕಾಣುತ್ತಿತ್ತು. ತಂತ್ರಜ್ಞ ಮೈಕಿನಲ್ಲಿ, ‘ಹೇಗಿದೀರಾ?’ ಎಂದ.

‘ಎಲ್ಲ ಸರಿ. ಮುಂದಿನದು ಹೇಳು’ ಎಂದು ಒಳಗಿನಿಂದ ದನಿ ಬಂತು. ಮೇಲೆ ಕುಳಿತು ರೇಡಿಯೋಗೆ ಹೇಳುತ್ತಿದ್ದ ಧಾಟಿಯಲ್ಲೇ. ತಂತ್ರಜ್ಞ ನಕ್ಕ. ನನಗೆ ನಗು ಬರಲಿಲ್ಲ.

‘ಏನಾಗ್ತಿತ್ತು ಒಳಗೆ?’ ಎಂದು ಅಕ್ಕ ಆಮೇಲೆ ಕೇಳಿದಳು.

‘ಏನೂ ಇಲ್ಲ ಕಣೇ. ಹಾಸಿಗೆ ಆಗಾಗ ಒಂಚೂರು ಸರೀತಿತ್ತು. ನಾನು ಸ್ವಲ್ಪ ನಿದ್ದೆ ಮಾಡ್ದೆ ಅನ್ಸುತ್ತೆ.’

ಚೌಕಟ್ಟು ಬಿಚ್ಚುವಾಗಲೇ ಜೀವ ಹೋದ ಹಾಗಾಯಿತಂತೆ. ಹಿಡಿದದ್ದನ್ನು ಬಿಟ್ಟ ಕೂಡಲೇ ತಲೆಯಿಡೀ ಸಿಡಿಯತೊಡಗಿತು. ಹಣೆಯ ಎರಡು ತೂತುಗಳಿಂದ ಸ್ವಲ್ಪ ರಕ್ತ ಜಿನುಗಿತು. ನರ್ಸಮ್ಮ ಹತ್ತಿ ಒತ್ತಿ ಹಿಡಿದು ಪುಟ್ಟ ಪಟ್ಟಿ ಹಚ್ಚಿದರು. ಆ ರಾತ್ರಿ ಅಲ್ಲೇ ಇಟ್ಟುಕೊಂಡು ಮರುದಿನ ಕಳಿಸಿದರು. ಮನೆಗೆ ಬರುವ ದಾರಿಯಲ್ಲಿ ವಾಂತಿ. ಆಮೇಲೆ ಹಣೆಯ ಊತ ಇಳಿದು ಕಣ್ಣಿನ ರೆಪ್ಪೆಗೆ ಬಂತು, ಯಾರ ಕೈಯಲ್ಲೋ ಗುದ್ದಿಸಿಕೊಂಡವರಂತೆ ಕಾಣುತ್ತಿದ್ದರು. ಕೆಲವು ದಿನಗಳಲ್ಲಿ ಅದೂ ಹೋಯಿತು. ನೆತ್ತಿಯ ಒಂದು ಭಾಗ ಮಾತ್ರ ಬಹುಕಾಲ ಜೋಮು ಹಿಡಿದಿತ್ತು; ಬಾಚಿದರೆ ಬೇರೆ ಯಾರದೋ ತಲೆ ಬಾಚಿದ ಹಾಗಿದೆ ಎನ್ನುತ್ತಿದ್ದರು.

ನೋಡಲು ಬಂದ ಅಕ್ಕಪಕ್ಕದವರಿಗೆ ನಿರಾಸೆಯಾಯಿತು. ‘ಎಲ್ಲಿ, ಹೊಲಿಗೆ ತೋರಿಸಿ’ ಎಂದು ಎದುರುಮನೆಯ ಅಜ್ಜಿ ಬಗ್ಗಿ ನೋಡಿದಳು. ತನ್ನ ಮಂಡಿಯ ಆಪರೇಷನ್ನಿನ ಗುರುತನ್ನು ಓಣಿಗೆಲ್ಲ ತೋರಿಸಿದವಳು ಆಕೆ. ‘ಇಷ್ಟೇನಾ? ತಲೆಗೆ ಬಂದಿದ್ದು ರುಮಾಲಿಗೆ ಹೋಯ್ತು ಬಿಡಿ’ ಎಂದು ಎದ್ದು ಹೋದಳು. ಕಾಯಿಲೆಯವರ ಮೇಲಿನ ಕನಿಕರಕ್ಕೂ ಒಂದು ಗಾಯ ಬೇಕು, ಕಣ್ಣಿಗೆ ಕಾಣುವಂಥದ್ದು. ಭಾವನ ಬಳಿ ಅದಿರಲಿಲ್ಲ. ಕಂಪನಿಯವರು ಅವರನ್ನು ಉಗ್ರಾಣದಲ್ಲಿ ಕೂರಿಸಿದರು, ಹಗ್ಗ, ಕೊಕ್ಕೆ, ಟೋಪಿ ಕೊಡುವ ಕೆಲಸ. ಮಧ್ಯಾಹ್ನದ ಹೊತ್ತಿಗೆ ಮೂಟೆ ಹೊತ್ತವರಂತೆ ಸುಸ್ತಾಗುತ್ತಿದ್ದರು. ‘ಗುಂಡುಕಲ್ಲಿನ ಹಾಗಿದೀಯಲ್ಲೋ’ ಎಂದು ಜನ ಬೆನ್ನು ತಟ್ಟುತ್ತಿದ್ದರು. ಅವರು ‘ಹೂಂ’ ಎನ್ನುತ್ತಿದ್ದರು.

ಮನೆಯೊಳಗಿನ ಬದುಕು ಬೇರೆಯೇ ಆಗಿತ್ತು. ಸ್ನಾನದ ಮನೆಯ ಚಿಲಕವನ್ನು ಅಕ್ಕ ಸ್ಕ್ರೂ ಬಿಚ್ಚಿ ತೆಗೆದಿಟ್ಟಳು. ನೀರು ಸುರಿಯುವ ಸದ್ದು ನಿಂತರೆ ಯಂತ್ರದ ಪೆಡಲು ನಿಲ್ಲಿಸಿ ಕಿವಿಗೊಡುವಳು. ಭಾರ ಎತ್ತುವಂತಿಲ್ಲ, ಸ್ಟೂಲು ಹತ್ತುವಂತಿಲ್ಲ. ಅಷ್ಟೆತ್ತರದಲ್ಲಿ ಬಾಳಿದ ಮನುಷ್ಯ ಕೆಳಗೆ ನಿಂತು ನೋಡುತ್ತಿದ್ದರೆ ಅಕ್ಕ ಸ್ಟೂಲಿನ ಮೇಲೆ ನಿಂತು ಬಲ್ಬು ಬದಲಾಯಿಸುವಳು. ಅವರು ಕೆಲಸದಿಂದ ಬರುವುದು ಸ್ವಲ್ಪ ತಡವಾದರೂ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು. ಕೆಮ್ಮಿದರೆ ಭಯ, ಸೀನಿದರೆ ಭಯ. ‘ತಲೆ ನೋವಾ?’ ಎಂಬ ಪ್ರಶ್ನೆಯನ್ನು ಅವಳು ದಿನಕ್ಕೆಷ್ಟು ಸಲ ಕೇಳುತ್ತಿದ್ದಳೋ. ಕಡೆಕಡೆಗೆ ಅವರು ಉತ್ತರ ಕೊಡುವುದನ್ನೇ ಬಿಟ್ಟರು.

ವರ್ಷ ತುಂಬುವ ಮುಂಚೆ ಪದಗಳು ಕೈಕೊಡಲು ಶುರುವಾಯಿತು. ಉಗ್ರಾಣದಲ್ಲಿ ಯಾರಿಗೋ ‘ಹಗ್ಗ ತಗೋ’ ಎನ್ನಲು ಹೋಗಿ ‘ಮಳೆ ತಗೋ’ ಎಂದರು. ಮನೆಯಲ್ಲಿ ಚಮಚ ಕೇಳಲು ಬಾಯಿ ತೆರೆದು ‘ಅದು... ಅದು... ಬಾಗಿಲು ಕೊಡು’ ಎಂದರು. ನಾವು ನಕ್ಕೆವು, ಅವರೂ ನಕ್ಕರು. ಅದೇ ವಾರ ಬಲಗೈಯಿಂದ ಚಹಾದ ಲೋಟ ಜಾರಿ ಬಿತ್ತು. ಆಮೇಲೆ ಅಡುಗೆಮನೆಯಲ್ಲಿ, ಅಕ್ಕನ ಕಣ್ಣೆದುರಿಗೇ, ಮೊದಲಿನಂತೆ ಫಿಟ್ಸ್ ಬಂದು ನೆಲಕ್ಕೆ ಕುಸಿದರು.

‘ಒಡೀತು, ಒಡೀತು’ ಎಂದು ಅಕ್ಕ ಆಸ್ಪತ್ರೆಯ ದಾರಿಯುದ್ದಕ್ಕೂ ಅದೊಂದನ್ನೇ ಹೇಳುತ್ತಿದ್ದಳು.

ಒಡೆದಿರಲಿಲ್ಲ. ಗಂಟಿನ ಸುತ್ತ ಮೆದುಳು ಊದಿಕೊಂಡಿತ್ತು. ‘ಕಿರಣ ತನ್ನ ಕೆಲಸ ಮಾಡ್ತಿದೆ, ಅದರ ಬಿಸಿ ಅಕ್ಕಪಕ್ಕಕ್ಕೂ ತಾಗಿದೆ. ನಾನು ಮೊದಲೇ ಹೇಳಿದ್ದೆ’ ಎಂದರು ಡಾಕ್ಟರಮ್ಮ. ಹೌದು, ಹೇಳಿದ್ದರು. ಊತ ಇಳಿಸಲು ಸ್ಟೆರಾಯ್ಡ್ ಮಾತ್ರೆ ಕೊಟ್ಟರು. ತಾವಾಗಿ ನಿಲ್ಲಿಸಕೂಡದು, ನಿಧಾನಕ್ಕೆ ಕಡಿಮೆ ಮಾಡುತ್ತ ಬರಬೇಕು ಎಂದು ಎರಡೆರಡು ಸಲ ಹೇಳಿದರು.

ಮಾತ್ರೆಯಿಂದ ತಲೆನೋವು ಇಳಿಯಿತು. ಮುಖ ಬಲೂನಿನಂತೆ ದುಂಡಗಾಯಿತು. ಎಷ್ಟು ತಿಂದರೂ ಹಸಿವು, ಎಷ್ಟು ಮಲಗಿದರೂ ನಿದ್ದೆಯಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ ಸಿಟ್ಟು. ಒಂದು ಮಧ್ಯಾಹ್ನ ಅಕ್ಕ ‘ತಲೆ ನೋವಾ?’ ಎಂದಳು. ಒಂದು ಲೋಟ ನೀರು ಕೇಳಲು ತಡಕಾಡುತ್ತಿದ್ದ ಭಾವನ ಬಾಯಿಂದ ಮಾತುಗಳು ಮಡಕೆ ಒಡೆದ ಹಾಗೆ ಸುರಿದವು.

‘ಕಾಯ್ತಾ ಕೂತಿದೀಯಾ? ಇವನು ಯಾವಾಗ ಸಾಯ್ತಾನೆ ಅಂತ ಕಾಯ್ತಾ ಕೂತಿದೀಯಾ? ದರಿದ್ರದವಳೇ!’

ಒಂದಕ್ಷರವೂ ತೊದಲಲಿಲ್ಲ. ಬಟ್ಟೆ ಕೊಡಲು ಬಂದಿದ್ದ ಹೆಂಗಸು ಬಾಗಿಲಿನಿಂದಲೇ ಹಿಂದಿರುಗಿದಳು. ಅಕ್ಕ ಬಹಳ ಹೊತ್ತು ಕೈಯಲ್ಲಿದ್ದ ಬಟ್ಟೆಯನ್ನು ಮಡಿಚುತ್ತ ಬಿಚ್ಚುತ್ತ ಇದ್ದಳು.

‘ಹೌದು ರೀ, ಕಾಯ್ತಾನೇ ಇದೀನಿ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದೀನಿ. ಡಾಕ್ಟ್ರು ನಿಮಗೆ ಮಾತ್ರೆ ಕೊಟ್ರು. ನನಗೆ ಇದನ್ನ ಬಿಟ್ಟು ಇನ್ನೇನು ಕೊಟ್ಟಿದಾರೆ, ನೀವೇ ಹೇಳಿ.’

ಭಾವ ಹೇಳಲು ಬಾಯಿ ತೆರೆದರು. ಈಗ ಒಂದು ಪದವೂ ಬರಲಿಲ್ಲ. ಕೈಯನ್ನು ತಲೆಯ ಮೇಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗಿದರು. ಮೆದುಳಿನಲ್ಲಿ ಬೈಗುಳ ಬೇರೆ ಕಪಾಟಿನಲ್ಲಿರುತ್ತದೆ, ಮಾತು ಹೋದವರಿಗೂ ಅದು ಉಳಿದಿರುತ್ತದೆ ಎಂದು ಡಾಕ್ಟರಮ್ಮ ಮುಂದಿನ ಭೇಟಿಯಲ್ಲಿ ವಿವರಿಸಿದರು. ‘ಮಾತ್ರೆಯ ಸಿಟ್ಟಮ್ಮಾ ಅದು, ಅವರದಲ್ಲ’ ಎಂದರು. ಅಕ್ಕ ಒಪ್ಪಿಕೊಂಡಳು. ಆದರೆ ಕೇಳಿದ್ದನ್ನು ಕೇಳಿಲ್ಲವೆಂದು ಮಾಡಲು ಬರುತ್ತದೆಯೇ?

ಆ ತಿಂಗಳುಗಳಲ್ಲಿ ತಪ್ಪದೆ ಬರುತ್ತಿದ್ದವನು ರೇಡಿಯೋ ಒಬ್ಬನೇ. ರಜೆಯ ದಿನ ಬಂದು ಕುಳಿತು ತಾನೇ ಮಾತಾಡುವನು. ಒಮ್ಮೆ ಭಾವ ಏನೋ ಹೇಳಲು ಹೆಣಗಿ ಆಗದೆ, ತೋರುಬೆರಳನ್ನು ಮೇಲಕ್ಕೆತ್ತಿ ಸುತ್ತಿಸಿದರು. ವಾಕಿಟಾಕಿ ಕೆಟ್ಟ ದಿನ ಕ್ರೇನಿನ ಕೆಳಗೆ ಬಳಸುವ ಕೈಸನ್ನೆ ಅದು, ‘ಎತ್ತು’ ಎಂದು. ರೇಡಿಯೋ ತಕ್ಷಣ ಎದ್ದು ಅವರ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಕೂರಿಸಿದ. ಭಾವನ ಮುಖದಲ್ಲಿ ಎಷ್ಟೋ ದಿನಗಳ ಮೇಲೆ ನಗು ಕಂಡಿತು. ಅಂದಿನಿಂದ ಇಬ್ಬರೂ ಕೈಯಲ್ಲೇ ಹರಟತೊಡಗಿದರು. ಅಕ್ಕನೂ ಕಲಿತಳು: ಬೆರಳು ಕೆಳಗೆ ಸುತ್ತಿಸಿದರೆ ಇಳಿಸು, ಮುಷ್ಟಿ ಹಿಡಿದರೆ ಅಲ್ಲೇ ನಿಲ್ಲಿಸು. ತಟ್ಟೆಗೆ ಅನ್ನ ಬಡಿಸುವಾಗ ಮುಷ್ಟಿ ಕಂಡರೆ ಅವಳ ಕೈ ನಿಲ್ಲುತ್ತಿತ್ತು.

ಊತ ಇಳಿಯಿತು. ಮಾತ್ರೆ ಕಡಿಮೆಯಾಗುತ್ತ ನಿಂತಿತು, ಮುಖ ಮೊದಲಿನ ಅಳತೆಗೆ ಬಂತು. ಮಾತೂ ಬಂತು, ಆದರೆ ಎಲ್ಲವೂ ಅಲ್ಲ. ಸಣ್ಣ ಮಾತು ಸಲೀಸು. ವಸ್ತುಗಳ ಹೆಸರು ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತುಬಿಡುತ್ತಿತ್ತು. ಬಲಗೈಯ ಬೆರಳುಗಳಲ್ಲಿ ಹಳೆಯ ನಯ ಉಳಿಯಲಿಲ್ಲ. ಎರಡನೆಯ ವರ್ಷದ ಸ್ಕ್ಯಾನಿನಲ್ಲಿ ಗಂಟು ಕುಗ್ಗಿತ್ತು. ಮೂರನೆಯ ವರ್ಷ ಮತ್ತೆ ತೊಡೆಸಂದಿನಿಂದ ತಂತಿ ಹಾಕಿ ಚಿತ್ರ ತೆಗೆದರು. ಕೂದಲಿನುಂಡೆ ಇದ್ದ ಕಡೆ ಏನೂ ಇರಲಿಲ್ಲ.

‘ಪೂರ್ತಿ ಮುಚ್ಚಿದೆ’ ಎಂದರು ಡಾಕ್ಟರಮ್ಮ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಭಾವ ಅಳಲಿಲ್ಲ.

‘ಹಾಗಾದ್ರೆ... ಮೇಲೆ ಹೋಗಬಹುದಾ?’

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಒಡೆಯೋ ಭಯ ಹೋಯ್ತು. ಫಿಟ್ಸ್ ಭಯ ಹೋಗಿಲ್ಲ. ಒಳಗೆ ಕಲೆ ಉಳಿದಿದೆ. ಫಿಟ್ಸ್ ಮಾತ್ರೆ ತಗೋತಾನೇ ಇರಬೇಕು. ಎತ್ತರದ ಕೆಲಸಕ್ಕೆ ನಾನು ಒಪ್ಪಿಗೆ ಕೊಡಲ್ಲ.’

‘ಗಂಟು ಇಟ್ಕೊಂಡೇ... ಅಷ್ಟು ವರ್ಷ ಹತ್ತಿದೀನಿ. ಈಗ ಗಂಟೇ ಇಲ್ಲ.’

‘ಆಗ ನಿಮಗೆ ಗೊತ್ತಿರಲಿಲ್ಲ.’

ಹೊರಗೆ ಬಂದ ಮೇಲೆ ಅಕ್ಕ, ‘ಜೀವ ಉಳೀತಲ್ಲ ರೀ, ಅಷ್ಟು ಸಾಕು’ ಎಂದಳು. ಅವರು ತಲೆಯಾಡಿಸಿದರು. ಅಷ್ಟು ಸಾಕು ಎಂದು ಅವಳಿಗೆ ನಿಜವಾಗಿ ಅನ್ನಿಸಿತ್ತು, ಅವರಿಗೆ ಅನ್ನಿಸಿರಲಿಲ್ಲ. ಮನೆಯಲ್ಲಿ ಅಂದಿನಿಂದ ಇಬ್ಬರೂ ಬೇರೆ ಬೇರೆ ಸುದ್ದಿ ಕೇಳಿ ಬಂದವರಂತೆ ಇದ್ದರು.

ಅದೇ ವರ್ಷ ಕಟ್ಟಡ ಮುಗಿದು, ಕ್ರೇನನ್ನು ತುಂಡುತುಂಡಾಗಿ ಬಿಚ್ಚಿ ಲಾರಿಗೆ ಹೇರಿದರು. ಕಂಪನಿ ದೂರದ ಊರಿಗೆ ಹೋಯಿತು, ಅದರ ಜೊತೆ ರೇಡಿಯೋನೂ ಹೋದ. ಮೊದಮೊದಲು ಪ್ರತಿ ವಾರ ಫೋನು ಮಾಡುತ್ತಿದ್ದ. ಫೋನಿನಲ್ಲಿ ಕೈ ಕಾಣುವುದಿಲ್ಲ. ಭಾವ ಪದ ಹುಡುಕುತ್ತ ಬೆರಳು ಎತ್ತುವರು, ಮುಷ್ಟಿ ಹಿಡಿಯುವರು, ಅತ್ತಲಿಂದ ‘ಅಣ್ಣಾ? ಇದೀಯಾ? ಹಲೋ?’ ಎಂಬ ಕೂಗು. ಅಕ್ಕ ಫೋನು ಇಸಿದುಕೊಂಡು, ‘ಇದಾರೆ, ಹೂಂ ಅಂತಿದಾರೆ’ ಎನ್ನುವಳು. ಬರಬರುತ್ತ ಭಾವ ಫೋನು ಬಂದಾಗ ಎದ್ದು ಹಿತ್ತಲಿಗೆ ಹೋಗತೊಡಗಿದರು. ಆಮೇಲೆ ಫೋನು ಬರುವುದೂ ನಿಂತಿತು. ಯಾರದೂ ತಪ್ಪಲ್ಲ.

ಈಗ ಭಾವ ಒಂದು ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಕೆಲಸ ಮಾಡುತ್ತಾರೆ. ಓದಲು ಬಂದವರ ಚೀಲ ಇಸಿದುಕೊಂಡು ಬಿಲ್ಲೆ ಕೊಡುವುದು, ಬಿಲ್ಲೆ ಇಸಿದುಕೊಂಡು ಚೀಲ ಕೊಡುವುದು. ಕಿಟಕಿಯಿಲ್ಲದ ಕೋಣೆ, ಕಬ್ಬಿಣದ ಕಪಾಟುಗಳು, ಒಂದು ಟ್ಯೂಬ್‌ಲೈಟು. ಮಾತು ಹೆಚ್ಚು ಬೇಕಿಲ್ಲದ ಕೆಲಸವೆಂದು ಅಕ್ಕನೇ ಯಾರನ್ನೋ ಹಿಡಿದು ಕೊಡಿಸಿದ್ದು.

ಮೊನ್ನೆ ಅಂಗಡಿ ಬೇಗ ಮುಚ್ಚಿತೆಂದು ಅವರನ್ನು ಕರೆದುಕೊಂಡು ಬರಲು ಅಲ್ಲಿಗೆ ಹೋದೆ. ಒಬ್ಬ ಹೆಂಗಸು ತನ್ನ ಚೀಲ ತೆಗೆದುಕೊಂಡು ಹೊರಟಿದ್ದಳು. ಕಪಾಟಿನಲ್ಲಿ ಅವಳದೇ ಇನ್ನೊಂದು ವಸ್ತು ಉಳಿದಿತ್ತು. ಭಾವ ಕೂಗಲು ಬಾಯಿ ತೆರೆದರು. ‘ಅಮ್ಮಾ, ನಿಮ್ಮ... ನಿಮ್ಮ...’ ಅವಳು ಮೆಟ್ಟಿಲು ಹತ್ತಿ ಹೋಗಿಯೇಬಿಟ್ಟಳು. ನಾನೇ ಅದನ್ನು ತೆಗೆದುಕೊಂಡು ಓಡಿಹೋಗಿ ಕೊಟ್ಟು ಬಂದೆ.

ಹಿಂದಿರುಗಿದಾಗ ಅವರು ಖಾಲಿ ಕಪಾಟಿನ ಎದುರು ಅಲ್ಲೇ ನಿಂತಿದ್ದರು.

‘ಛತ್ರಿ’ ಎಂದರು ನನ್ನನ್ನು ನೋಡಿ.

‘ಹೂಂ ಭಾವ. ಕೊಟ್ಟೆ.’

‘ಛತ್ರಿ’ ಎಂದರು ಇನ್ನೊಮ್ಮೆ, ಮೆಲ್ಲಗೆ. ಆಮೇಲೆ ದೀಪ ಆರಿಸಿದರು.